ಇಬ್ರೂ ಕೂತು ಆಡೋಕೆ ತಂದ ಕಾಂಟ್ರಾ ಅರ್ಧ ಗಂಟೆಗೇ ಯಾಕೆ ಬೇಜಾರಾಯ್ತು?

ಪ್ರಶ್ನೆ: ನಾನು, ನನ್ನ ತಮ್ಮ ಚಿಕ್ಕವರಿದ್ದಾಗ ಶಿವಮೊಗ್ಗದಲ್ಲಿ ಟಿವಿಗೆ ಸಿಗಿಸೋ ವಿಡಿಯೋ ಗೇಮಲ್ಲಿ ಕಾಂಟ್ರಾ ಆಡಿ ಆಡಿ ರಿಮೋಟ್ ಬಟನ್ ಸವೆಸಿದವರು. ಈ ಸಲ ದಸರಾ ರಜೆಗೆ ಅವನು ಊರಿಗೆ ಬರ್ತಾನೆ ಅಂತ ಪಿಎಸ್ 4ಗೆ ಕಾಂಟ್ರಾ ರೋಗ್ ಕೋರ್ ಸೆಕೆಂಡ್ ಹ್ಯಾಂಡ್ ಡಿಸ್ಕ್ ತಂದಿಟ್ಟಿದ್ದೆ. ಅರ್ಧ ಗಂಟೆ ಆಡಿ ಇಬ್ರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಆಫ್ ಮಾಡಿ ಊಟಕ್ಕೆ ಎದ್ವಿ. ಗನ್ ಇದೆ, ಏಲಿಯನ್ ಇದಾರೆ, ಹೆಸರೂ ಅದೇ, ಆದ್ರೆ ಇದು ಅದಲ್ಲ ಅನ್ನಿಸ್ತು. ನಮಗೆ ವಯಸ್ಸಾಯ್ತಾ ಅಥವಾ ಗೇಮೇ ಸರಿ ಇಲ್ವಾ? ಇಬ್ರೂ ಕೂತು ಆಡೋ ಹಂಗಿರೋ ಬೇರೆ ಕಾಂಟ್ರಾ ಯಾವ್ದಾದ್ರೂ ಇದ್ರೆ ಹೇಳಿ.

ಉತ್ತರ: ವಯಸ್ಸಿನ ವಿಷಯ ಮೊದ್ಲು ತಲೆಯಿಂದ ತೆಗೆದುಬಿಡಿ. ನಾನು ಗೇಮ್ ಡಿಸೈನ್ ಕೆಲಸದಲ್ಲಿ ಇರೋನು, ಹಳೇ ಗೇಮ್‌ಗಳನ್ನ ಬಿಚ್ಚಿ ನೋಡೋದು ನನ್ನ ಹೊಟ್ಟೆಪಾಡಿನ ಒಂದು ಭಾಗ, ರೋಗ್ ಕೋರ್ ನಾನೂ ಪೂರ್ತಿ ಆಡಿದೀನಿ, ಮತ್ತೆ ನಿಮಗೆ ಅರ್ಧ ಗಂಟೆಯಲ್ಲಿ ಅನ್ನಿಸಿದ್ದು ಸರಿಯಾಗೇ ಅನ್ನಿಸಿದೆ. 2019ರ ಸೆಪ್ಟೆಂಬರಲ್ಲಿ ಆ ಗೇಮ್ ಬಂದಾಗ ವಿಮರ್ಶೆ ಬರೆದವರಲ್ಲಿ ಹೆಚ್ಚಿನವರು ಕೆಟ್ಟದಾಗೇ ಬರೆದ್ರು, ಅವರಲ್ಲಿ ಮೂವತ್ತು ವರ್ಷ ಕಾಂಟ್ರಾ ಆಡಿದವರೂ ಇದ್ರು, ಮೊದಲ ಸಲ ಆಡಿದವರೂ ಇದ್ರು. ಹಾಗಾಗಿ ಇದು ಬರೀ ಹಳೇ ನೆನಪಿನ ಸಮಸ್ಯೆ ಅಲ್ಲ.

ಆದ್ರೆ "ಯಾಕೆ" ಅನ್ನೋದಕ್ಕೆ ಜನ ಸಾಮಾನ್ಯವಾಗಿ ಕೊಡೋ ಉತ್ತರ ನಂಗೆ ಒಪ್ಪಿಗೆ ಇಲ್ಲ. ಯಾರೋ ಗೊತ್ತಿಲ್ಲದವರ ಕೈಗೆ ಕೊಟ್ಟು ಕೆಡಿಸಿದ್ರು ಅಂತಾರೆ. ಹಾಗಲ್ಲ. ಆ ಗೇಮಿನ ಚುಕ್ಕಾಣಿ ಹಿಡಿದಿದ್ದು ನೊಬುಯಾ ನಕಾಜಾಟೊ, 1992ರ ಕಾಂಟ್ರಾ 3, 1994ರ ಹಾರ್ಡ್ ಕೋರ್, 2002ರ ಶ್ಯಾಟರ್ಡ್ ಸೋಲ್ಜರ್ ಮಾಡಿದ ಮನುಷ್ಯ, ಅಂದ್ರೆ ಈ ಸೀರೀಸಿನ ಒಳ್ಳೇ ಗೇಮ್‌ಗಳ ಹಿಂದೆ ಇದ್ದವರೇ. ಕಾಂಟ್ರಾ ಸೀರೀಸಿನ ಮಾಲೀಕ ಕಂಪನಿ ಕೊನಾಮಿ ಜೊತೆ ಸೇರಿ ಮಾಡಿದ ಟಾಯ್‌ಲಾಜಿಕ್ ಸ್ಟುಡಿಯೋನೂ ಕೈಲಾಗದವರ ಗುಂಪಲ್ಲ, ಎರಡು ವರ್ಷ ಬಿಟ್ಟು 2021ರಲ್ಲಿ ನಿಯರ್ ರೆಪ್ಲಿಕಂಟ್ ಅನ್ನೋ ಹಳೇ ಗೇಮಿನ ಹೊಸ ವರ್ಷನ್ ಮಾಡಿದ್ದು ಇವರೇ, ಅದನ್ನ ಜನ ಚೆನ್ನಾಗೇ ಒಪ್ಕೊಂಡ್ರು. ಗೊತ್ತಿರೋ ಕೈಗಳೇ ಮಾಡಿ ಹೀಗಾಯ್ತು ಅಂದ್ರೆ ತಪ್ಪು ಎಲ್ಲೋ ಆಳದಲ್ಲಿದೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೀತಿದೀನಿ.

ಇನ್ನೊಂದು ಉತ್ತರ ಕ್ಯಾಮೆರಾ ಬಗ್ಗೆ. ಹಳೇದ್ರಲ್ಲಿ ಪಕ್ಕದಿಂದ ಕಾಣ್ತಿತ್ತು, ಇದ್ರಲ್ಲಿ ಹೆಚ್ಚಾಗಿ ಮೇಲಿಂದ ಕಾಣುತ್ತೆ, ಅದಕ್ಕೇ ಹಾಳಾಯ್ತು ಅಂತ. ಅದೂ ಪೂರ್ತಿ ನಿಜ ಅಲ್ಲ. ನೀವು ಆಡಿದ ಮೊದಲ ಕಾಂಟ್ರಾದಲ್ಲೇ ಎರಡನೇ ಮತ್ತೆ ನಾಲ್ಕನೇ ಸ್ಟೇಜ್ ನೆನಪು ಮಾಡ್ಕೊಳ್ಳಿ, ಬೇಸ್ ಒಳಗೆ ಹೋಗ್ತೀವಲ್ಲ, ಆಳು ಬೆನ್ನು ತೋರಿಸ್ಕೊಂಡು ಎದುರಿನ ಗೋಡೆಗೆ ಹೊಡೀತಿರ್ತಾನೆ. ಅದರ ಮುಂದಿನ ಭಾಗ ಸೂಪರ್ ಸಿ, ಮತ್ತೆ ಕಾಂಟ್ರಾ 3ರಲ್ಲಿ ಮೇಲಿಂದ ನೋಡೋ ಸ್ಟೇಜ್‌ಗಳೇ ಇದ್ವು, 2004ರ ನಿಯೋ ಕಾಂಟ್ರಾ ಅಂತೂ ಹೆಚ್ಚು ಕಮ್ಮಿ ಪೂರ್ತಿ ಮೇಲಿಂದಾನೇ. ಕ್ಯಾಮೆರಾ ಬದಲಾಯಿಸೋದು ಕಾಂಟ್ರಾಗೆ ಹೊಸದೇನಲ್ಲ.

ಹಾಗಾದ್ರೆ ಹೋಗಿದ್ದೇನು? ನನ್ನ ಪ್ರಕಾರ ಹೋಗಿದ್ದು ಒಂದು ಗುಂಡಿನ ಬೆಲೆ.

ಮೊದಲ ಸ್ಟೇಜ್ ನಿಧಾನವಾಗಿ ನೆನಪು ಮಾಡ್ಕೊಳ್ಳೋಣ, ಕಾಡು. ಎಡಗಡೆ ಮೇಲಿಂದ ಇಬ್ರೂ ಪಲ್ಟಿ ಹೊಡ್ಕೊಂಡು ಇಳೀತೀವಿ, ಬಲಗಡೆಯಿಂದ ಸಿಪಾಯಿಗಳು ಓಡಿ ಬರ್ತಾರೆ, ಮೇಲೆ ಹೊಸ ಗನ್ ಇರೋ ಕ್ಯಾಪ್ಸೂಲ್ ಒಂದು ಅಲೆ ಅಲೆಯಾಗಿ ಹಾರ್ಕೊಂಡು ಹೋಗುತ್ತೆ. ಸ್ವಲ್ಪ ಮುಂದೆ ಸೇತುವೆ, ಕಾಲಿಟ್ಟ ತಕ್ಷಣ ಒಂದೊಂದೇ ಭಾಗ ಢಮ್ ಢಮ್ ಅಂತ ಸಿಡಿಯೋಕೆ ಶುರು. ಮೊದಲ ಸಲ ಆಡೋರು ಎಲ್ರೂ ನೀರಿಗೆ ಬೀಳ್ತಾರೆ. ಬಿದ್ರೆ ಸಾಯಲ್ಲ, ಅದು ಮುಖ್ಯ. ನೀರಲ್ಲಿ ಕೆಳಗಿನ ಬಟನ್ ಒತ್ತಿದ್ರೆ ಆಳು ಮುಳುಗ್ತಾನೆ, ಮುಳುಗಿದ್ದಷ್ಟು ಹೊತ್ತು ಗುಂಡು ತಾಗಲ್ಲ, ಆದ್ರೆ ಅವನೂ ಹೊಡೆಯೋಕಾಗಲ್ಲ. ಇದನ್ನ ಯಾರೂ ಹೇಳಿಕೊಡಲ್ಲ, ಪರದೆ ಮೇಲೆ ಒಂದಕ್ಷರ ಬರಲ್ಲ, ಸುಮ್ನೆ ಒಂದಿನ ಗೊತ್ತಾಗುತ್ತೆ, ಗೊತ್ತಾದ ದಿನ ತಮ್ಮನಿಗೆ ಕೂಗಿ ಹೇಳ್ತೀವಿ.

ಈ ಅರ್ಧ ನಿಮಿಷದಲ್ಲಿ ಗೇಮ್ ನಮ್ಮ ಹತ್ರ ಒಂದು ಒಪ್ಪಂದ ಮಾಡ್ಕೊಂಡಿರುತ್ತೆ. ನಿಂಗೆ ಒಂದು ಗುಂಡು ತಾಗಿದ್ರೂ ಸಾಯ್ತೀಯ, ಆದ್ರೆ ಆ ಗುಂಡು ಬರೋದು ನಿಂಗೆ ಕಾಣುತ್ತೆ. ಶತ್ರು ಗುಂಡು ಸಣ್ಣ ಚುಕ್ಕೆ, ಆದ್ರೆ ನಿಧಾನವಾಗಿ ಬರುತ್ತೆ, ಹಿನ್ನೆಲೆಯಿಂದ ಎದ್ದು ಕಾಣುತ್ತೆ, ನೆಗೆದ ಮೇಲೂ ಗಾಳಿಯಲ್ಲೇ ಎಡಕ್ಕೆ ಬಲಕ್ಕೆ ತಿರುಗಬಹುದು. ಎಂಟು ದಿಕ್ಕಿಗೆ ಹೊಡೀಬಹುದು, ಮಲಗಬಹುದು. ಸತ್ತಾಗೆಲ್ಲಾ "ಥೂ, ನಾನೇ ನೋಡ್ಲಿಲ್ಲ" ಅನ್ನಿಸುತ್ತೆ, "ಇದು ಮೋಸ" ಅನ್ನಿಸಲ್ಲ. ಕಷ್ಟ ಇದ್ರೂ ಜನ ಬಿಡದೆ ಆಡಿದ್ದು ಅದಕ್ಕೇ.

ಇನ್ನೊಂದು ಸಂಗತಿ, ನಮ್ಮಲ್ಲಿ ತುಂಬಾ ಜನ ಗಮನಿಸಿರಲ್ಲ. ಸಾಮಾನ್ಯವಾಗಿ ಸಿಗೋದು 3 ಲೈಫ್. ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಒತ್ತಿ ಸ್ಟಾರ್ಟ್ ಕೊಟ್ರೆ 30. ಈ ಕೋಡ್ ಕಂಡುಹಿಡಿದಿದ್ದು ಕಾಂಟ್ರಾಗಲ್ಲ, ಕಜುಹಿಸಾ ಹಾಶಿಮೊಟೊ ಅನ್ನೋ ಕೊನಾಮಿ ಪ್ರೋಗ್ರಾಮರ್ 1986ರಲ್ಲಿ ಗ್ರೇಡಿಯಸ್ ಗೇಮನ್ನ ಮನೆ ಮೆಷಿನ್‌ಗೆ ತರುವಾಗ, ಟೆಸ್ಟ್ ಮಾಡೋಕೆ ತನಗೇ ಕಷ್ಟ ಆಗ್ತಿದೆ ಅಂತ ಹಾಕ್ಕೊಂಡಿದ್ದು. ಪಾಪ, 2020ರ ಫೆಬ್ರವರಿಯಲ್ಲಿ ತೀರ್ಕೊಂಡ್ರು. ನಾನು ಹೇಳೋಕೆ ಹೊರಟಿದ್ದು ಏನಂದ್ರೆ, 30 ಲೈಫ್ ಇದ್ರೂ ಸಾಯೋದಕ್ಕೆ ನಾವು ಹೆದರ್ತಿದ್ವಿ ತಾನೇ? ಯಾಕೆ? ಕೈಯಲ್ಲಿರೋ ಎಸ್ ಗನ್ ಹೋಗುತ್ತೆ! ಐದು ಗುಂಡು ಬೀಸಣಿಗೆ ಥರ ಹರಡ್ಕೊಂಡು ಹೋಗೋ ಆ ಗನ್ ಒಂದು ಸಲ ಸಿಕ್ಕಿದ್ಮೇಲೆ ಅದನ್ನ ಕಾಪಾಡ್ಕೊಳ್ಳೋದೇ ಆಟ ಆಗಿಬಿಡ್ತಿತ್ತು. ಸತ್ತು ಎದ್ದಾಗ ಕೈಯಲ್ಲಿ ಆ ಬಡ ಸಾದಾ ಗನ್. ಎಷ್ಟೇ ಲೈಫ್ ಇರಲಿ, ಹೊಟ್ಟೆ ಉರೀತಿತ್ತು. ಸಾವಿನ ಬೆಲೆ ಲೈಫಲ್ಲಿ ಇರ್ಲಿಲ್ಲ, ಗನ್‌ನಲ್ಲಿತ್ತು.

ಈಗ ರೋಗ್ ಕೋರ್ ಹಾಕಿ ನೋಡಿ. ಆಳಿಗೆ ಎಷ್ಟು ಜೀವ ಉಳಿದಿದೆ ಅಂತ ತೋರಿಸೋ ಒಂದು ಹೆಲ್ತ್ ಬಾರ್ ಇದೆ, ಗುಂಡು ತಾಗಿದ್ರೆ ಅದು ಸ್ವಲ್ಪ ಕಮ್ಮಿ ಆಗುತ್ತೆ ಅಷ್ಟೇ. ನಾಲ್ಕು ದಿಕ್ಕಿಂದ ಹಿಂಡು ಹಿಂಡಾಗಿ ಬರ್ತಾರೆ, ಅದ್ರಲ್ಲಿ ಯಾರು ಹೊಡೆದ್ರು, ಯಾವ ಗುಂಡು ತಾಗಿತು ಅಂತ ನೋಡೋಕೂ ಆಗಲ್ಲ, ನೋಡೋ ಅವಶ್ಯಕತೆನೂ ಇಲ್ಲ. ಮೊದಲ ಕಾಂಟ್ರಾದಲ್ಲಿ ಒಂದೇ ಗುಂಡಿಗೆ ಬೀಳ್ತಿದ್ದ ಸಿಪಾಯಿ ಜಾಗದಲ್ಲಿ ಇಲ್ಲಿ ಬಂದಿರೋರು ಎಷ್ಟು ಹೊಡೆದ್ರೂ ನಿಂತಿರ್ತಾರೆ. ಎರಡೂ ಕಡೆ ಗುಂಡು ಅಗ್ಗ ಆಯ್ತು. ನಂಗೆ ತಾಗಿದ್ರೂ ಏನಾಗಲ್ಲ, ಅವನಿಗೆ ತಾಗಿದ್ರೂ ಏನಾಗಲ್ಲ ಅಂದ್ಮೇಲೆ ಯಾಕೆ ಎಚ್ಚರದಿಂದ ಆಡಬೇಕು? ನಿಮಗೆ ಅರ್ಧ ಗಂಟೆಗೆ ಬೇಜಾರು ಬಂದಿದ್ದು ಇಲ್ಲಿಂದ.

ಇಲ್ಲೊಂದು ಸೂಕ್ಷ್ಮ ಇದೆ, ಹೆಲ್ತ್ ಬಾರ್ ಇಟ್ಟ ತಕ್ಷಣ ಕಾಂಟ್ರಾ ಕೆಟ್ಟೋಯ್ತು ಅಂತ ನಾನು ಹೇಳ್ತಿಲ್ಲ. 1994ರ ಹಾರ್ಡ್ ಕೋರ್ ಜಪಾನಲ್ಲಿ ಬಂದಾಗ ಒಂದು ಲೈಫಿಗೆ ಮೂರು ಏಟು ತಡ್ಕೊಳ್ತಿತ್ತು, ಅದೇ ಗೇಮನ್ನ ಅಮೆರಿಕಾಗೆ ಕೊಡುವಾಗ ಒಂದೇ ಏಟಿಗೆ ಇಳಿಸಿದ್ರು. ಎರಡನ್ನೂ ಆಡಿದೀನಿ, ನಂಗೆ ಜಪಾನಿನ ವರ್ಷನ್ನೇ ಹೆಚ್ಚು ಇಷ್ಟ, ಯಾಕಂದ್ರೆ ಆ ಗೇಮಲ್ಲಿ ಒಂದರ ಹಿಂದೆ ಒಂದು ಬಾಸ್, ಅಂದ್ರೆ ದೊಡ್ಡ ಶತ್ರುಗಳು, ಬರ್ತಾನೇ ಇರ್ತಾರೆ, ಕಲಿಯೋಕೆ ಸ್ವಲ್ಪ ಉಸಿರು ಬೇಕು. ಮೂರು ಅಂದ್ರೆ ಎಣಿಸಬಹುದು. ಒಂದು ಹೋಯ್ತು, ಇನ್ನೆರಡಿದೆ ಅಂತ ಮೈ ಬಿಗಿಯಾಗುತ್ತೆ. ನೂರು ಪಾಲಲ್ಲಿ ಎರಡು ಪಾಲು ಸೋರಿದ್ರೆ ಯಾರ ಮೈನೂ ಬಿಗಿಯಾಗಲ್ಲ.

ಗನ್ ಬಿಸಿಯಾಗೋ ವಿಷಯಕ್ಕೆ ಬರ್ತೀನಿ, ನನ್ನ ಪ್ರಕಾರ ಇದು ಅತಿ ದೊಡ್ಡ ತಪ್ಪು. ರೋಗ್ ಕೋರ್‌ನಲ್ಲಿ ಟ್ರಿಗರ್ ಒತ್ತಿ ಹಿಡಿದ್ರೆ ಗನ್ ಕಾದು ನಿಂತೋಗುತ್ತೆ, ತಣ್ಣಗಾಗೋ ತನಕ ಓಡಾಡ್ಕೊಂಡಿರಬೇಕು. ಬೇರೆ ಗೇಮಲ್ಲಿ ಇದು ಚೆನ್ನಾಗಿರಬಹುದು, ಇಲ್ಲಿ ಯಾಕೆ ತಪ್ಪು ಅಂತ ಕೇಳಿ. ಕಾಂಟ್ರಾದಲ್ಲಿ ಹೊಡೀಬೇಕಾ ಬೇಡ್ವಾ ಅನ್ನೋ ಪ್ರಶ್ನೆನೇ ಇರ್ಲಿಲ್ಲ, ಬುಲೆಟ್ ಯಾವತ್ತೂ ಖಾಲಿ ಆಗ್ತಿರ್ಲಿಲ್ಲ, ಹೆಬ್ಬೆರಳು ಬಟನ್ ಮೇಲೆ ಕುಟ್ತಾನೇ ಇರ್ತಿತ್ತು. ಹಾಗಾಗಿ ತಲೆ ಪೂರ್ತಿ ಇನ್ನೊಂದು ಪ್ರಶ್ನೆಗೆ ಖಾಲಿ ಇರ್ತಿತ್ತು, ನಾನು ಎಲ್ಲಿ ನಿಂತಿರಬೇಕು ಅನ್ನೋದು. ನಿಲ್ಲೋ ಜಾಗದ ಆಟ ಅದು. ಗನ್ ಕಾಯೋ ಹಂಗೆ ಮಾಡಿದ ತಕ್ಷಣ ಕಣ್ಣು ಶತ್ರು ಗುಂಡು ಬಿಟ್ಟು ಮೀಟರ್ ಕಡೆ ಹೋಗುತ್ತೆ. ಹೊಡೆಯೋ ಖುಷಿನೂ ಹೋಯ್ತು, ನಿಲ್ಲೋ ಲೆಕ್ಕಾಚಾರನೂ ಹೋಯ್ತು.

ಇದನ್ನೆಲ್ಲ ನಕಾಜಾಟೊಗೆ ನಾನು ಹೇಳಿಕೊಡಬೇಕಾಗಿಲ್ಲ, ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಿದ್ರೂ ಯಾಕೆ ಹೀಗಾಯ್ತು? ಒಳಗೆ ಏನು ಮಾತುಕತೆ ಆಯ್ತೋ ಅದಕ್ಕೆ ಸಾಕ್ಷಿ ನಾನಲ್ಲ, ಗೇಮ್ ನೋಡಿ ಹೇಳಬಲ್ಲೆ ಅಷ್ಟೇ, ನಂಗೆ ಕಾಣೋದು ಗಂಟೆಗಳ ಲೆಕ್ಕ. ಮೊದಲ ಕಾಂಟ್ರಾದಲ್ಲಿ 8 ಸ್ಟೇಜ್, ಚೆನ್ನಾಗಿ ಆಡೋರು ಅರ್ಧ ಗಂಟೆಯಲ್ಲಿ ಮುಗಿಸ್ತಾರೆ. ನೀವಿಬ್ರೂ ಅದನ್ನ ಮುಗಿಸೋಕೆ ಎಷ್ಟು ತಿಂಗಳು ತಗೊಂಡ್ರಿ ಅದು ಬೇರೆ, ಗೇಮ್ ಇರೋದು ಅರ್ಧ ಗಂಟೆ. ರೋಗ್ ಕೋರ್ ಅಮೆರಿಕಾದಲ್ಲಿ 40 ಡಾಲರ್‌ಗೆ ಮಾರಾಟಕ್ಕೆ ಬಂತು, ಅಷ್ಟು ಕೊಟ್ಟವನಿಗೆ ಅರ್ಧ ಗಂಟೆ ಕೊಟ್ರೆ ಬೈತಾನೆ ಅನ್ನೋ ಭಯ ಈ ಉದ್ಯಮದಲ್ಲಿ ಎಲ್ಲರಿಗೂ ಇದೆ, ನಾನೂ ಎಷ್ಟೋ ಮೀಟಿಂಗಲ್ಲಿ ಆ ಭಯ ನೋಡಿದೀನಿ. ಅವಾಗ ಏನ್ಮಾಡ್ತಾರೆ ಅಂದ್ರೆ ಗೇಮಿಗೆ ನೀರು ಹಾಕ್ತಾರೆ. ಮಿಷನ್ ಮುಗಿದ್ರೆ ಗನ್ನಿನ ಬಿಡಿಭಾಗ ಸಿಗುತ್ತೆ, ಅದನ್ನ ನಮ್ಮ ಬೇಸ್‌ಗೆ ವಾಪಸ್ ಹೋಗಿ ಸಿಗಿಸಬೇಕು, ಆಳಿನ ದೇಹದ ಒಳಗಿನ ಅಂಗಗಳನ್ನೇ ಆಪರೇಷನ್ ಮಾಡಿಸಿ ಬದಲಾಯಿಸಬೇಕು, ಆಮೇಲೆ ಅದೇ ಥರದ ಇನ್ನೊಂದು ಅಂಗಳಕ್ಕೆ ಹೋಗಿ ಅದೇ ಥರದವರನ್ನ ಹೊಡೀಬೇಕು. ನಂಬರ್ ಏರುತ್ತೆ, ಗಂಟೆ ಉರುಳುತ್ತೆ.

ನಂಬರ್ ಏರಬೇಕು ಅಂದ್ರೆ ಶತ್ರುಗಳಿಗೂ ಹೆಲ್ತ್ ನಂಬರ್ ಬೇಕು. ಅವರಿಗೆ ಹೆಲ್ತ್ ಕೊಟ್ರೆ ನಮಗೂ ಕೊಡಬೇಕು. ನಮಗೆ ಕೊಟ್ರೆ ಒಂದು ಗುಂಡಿನ ಸಾವು ಹೋಗುತ್ತೆ. ನೋಡಿ, ಒಂದು ದಾರ ಎಳೆದ್ರೆ ಪೂರ್ತಿ ಸ್ವೆಟರ್ ಬಿಚ್ಕೊಂಡು ಬಂತು. ಯಾರೂ ಕೂತು ಕಾಂಟ್ರಾ ಹಾಳು ಮಾಡೋಣ ಅಂದ್ಕೊಂಡಿರಲ್ಲ.

ಅಂದ ಹಾಗೆ ಆ ಪಾತ್ರಗಳ ಬಗ್ಗೆ ತುಂಬಾ ಜನ ಬೈದ್ರು, ಪಾಂಡಾ ಮೈಯೊಳಗೆ ವಿಜ್ಞಾನಿ ಮೆದುಳು ಇರೋ ಹಂಗ್ರಿ ಬೀಸ್ಟ್, ಸಂಭಾವಿತ ಹುಳದ ಥರ ಇರೋ ಜಂಟಲ್‌ಮನ್, ಇದೆಲ್ಲಾ ಏನು ಕಾಂಟ್ರಾ ಅಂತ. ಅದ್ರ ಬಗ್ಗೆ ನನ್ನ ತಕರಾರಿಲ್ಲ. ಹಾರ್ಡ್ ಕೋರ್‌ನಲ್ಲೇ ಗನ್ ಹಿಡಿದ ತೋಳ ಮನುಷ್ಯ ಇದ್ದ, ನಮಗೆಲ್ಲಾ ಅವನಂದ್ರೆ ಪ್ರಾಣ.

ನಿಮಗೆ ಹೆಚ್ಚು ನೋವಾಗಿದ್ದು ಇನ್ನೊಂದು ವಿಷಯ ಅಂತ ನಿಮ್ಮ ಪ್ರಶ್ನೆಯಿಂದಲೇ ಗೊತ್ತಾಗುತ್ತೆ. ತಮ್ಮ ಬರ್ತಾನೆ ಅಂತ ತಂದ್ರಿ. ಈ ಗೇಮಿನ ಮುಖ್ಯ ಕಥೆಯನ್ನ ಒಂದೇ ಟಿವಿ ಮುಂದೆ ಇಬ್ರು ಕೂತು ಆಡೋಕಾಗಲ್ಲ, ಜೊತೆ ಕೂತು ಆಡೋದಕ್ಕೆ ಬೇರೆ ಮೋಡ್ ಇಟ್ಟಿದಾರೆ, ಕಥೆ ಒಬ್ಬರೇ ಆಡಬೇಕು. ನಂಗೆ ಇದು ಅರ್ಥನೇ ಆಗಲ್ಲ. ಮೊದಲ ಗೇಮಲ್ಲಿ ಬಿಲ್, ಲ್ಯಾನ್ಸ್ ಅಂತ ಇಬ್ಬರನ್ನ ಇಟ್ಟಿದ್ದೇ ಯಾಕೆ?

ಜಲಪಾತದ ಸ್ಟೇಜ್, ಮೂರನೇದು, ಅದನ್ನ ಒಬ್ಬರೇ ಆಡಿದ್ರೆ ಸುಮಾರಾದ ಸ್ಟೇಜ್. ಇಬ್ರು ಆಡಿದ್ರೆ ಇಡೀ ಗೇಮಿನಲ್ಲೇ ದೊಡ್ಡದು. ಮೇಲಕ್ಕೆ ಹತ್ತಬೇಕು, ಕಲ್ಲು ಉರುಳಿ ಬರ್ತಿರುತ್ತೆ, ಬೆಂಕಿ ಓಡಾಡ್ತಿರುತ್ತೆ, ಮತ್ತೆ ಪರದೆ ಮುಂದಿರೋನ ಜೊತೆ ಮೇಲೆ ಹೋಗುತ್ತೆ, ಕೆಳಗೆ ಉಳಿದವನು ಪರದೆ ಅಂಚಿಗೆ ಸಿಕ್ಕಿ ಸಾಯ್ತಾನೆ. ಶತ್ರು ಬೇಡ, ಅಣ್ಣನೇ ಸಾಕು ಕೊಲ್ಲೋಕೆ. ನಾವು ಬೇಸಿಗೆ ರಜೆಯಲ್ಲಿ ಚಿಕ್ಕಪ್ಪನ ಮನೇಲಿ ಆಡುವಾಗ ನಾನು ಅವಸರದಲ್ಲಿ ಹತ್ತಿಬಿಟ್ಟು ಅವರ ಮಗ ಎಸ್ ಗನ್ ಸಮೇತ ಸತ್ತು, ರಿಮೋಟ್ ನೆಲಕ್ಕೆ ಕುಕ್ಕಿ, ಎರಡು ದಿನ ಮಾತು ಬಿಟ್ಟಿದ್ದ. ಮೂರನೇ ದಿನ ನಾವೇ ಒಂದು ಪದ್ಧತಿ ಮಾಡ್ಕೊಂಡ್ವಿ, ಹತ್ತೋ ಮುಂಚೆ "ಬಾ" ಅನ್ನಬೇಕು, ಅವನು "ಹೂಂ" ಅಂದ್ಮೇಲೇ ನೆಗೀಬೇಕು. ಬಾ, ಹೂಂ, ಬಾ, ಹೂಂ ಅಂತ ಇಡೀ ಜಲಪಾತ ಹತ್ತಿದ್ವಿ. ಅದು ಗೇಮಲ್ಲಿ ಬರೆದಿರೋ ರೂಲ್ ಅಲ್ಲ, ಆದ್ರೆ ಗೇಮ್ ನಮ್ಮ ಹತ್ರ ಅದನ್ನ ಮಾಡಿಸ್ತು. ಆನ್‌ಲೈನಲ್ಲಿ ನಾಲ್ಕು ಜನ ಸೇರಿದ್ರೆ ಇದು ಬರಲ್ಲ, ಒಬ್ಬನ ಮೊಣಕೈ ಇನ್ನೊಬ್ಬನಿಗೆ ತಾಗ್ತಿರಬೇಕು.

ಮುಗ್ಗರಿಸಿದ್ದು ಇದೇ ಮೊದಲ ಸಲ ಅಂದ್ಕೋಬೇಡಿ. 1996ರಲ್ಲಿ ಲೆಗಸಿ ಆಫ್ ವಾರ್, 1998ರಲ್ಲಿ ಸಿ ದ ಕಾಂಟ್ರಾ ಅಡ್ವೆಂಚರ್ ಅಂತ ಎರಡು ತ್ರೀಡಿ ಗೇಮ್ ಬಂದಿತ್ತು, ಮಾಡಿದ್ದು ಹಂಗೇರಿಯ ಅಪಲೂಸಾ. ಲೆಗಸಿ ಆಫ್ ವಾರ್ ಜೊತೆ ಡಬ್ಬದಲ್ಲಿ ಬಣ್ಣದ ತ್ರೀಡಿ ಕನ್ನಡಕ ಬೇರೆ ಕೊಟ್ಟಿದ್ರು. ಎರಡೂ ನಡೀಲಿಲ್ಲ. ಆಗ ಸರಿ ಮಾಡಿದ್ದು ಯಾರು ಗೊತ್ತಾ? ಇದೇ ನಕಾಜಾಟೊ, 2002ರ ಶ್ಯಾಟರ್ಡ್ ಸೋಲ್ಜರ್, ಚಿತ್ರ ತ್ರೀಡಿ ಆದ್ರೂ ಆಟ ಪಕ್ಕದಿಂದಾನೇ, ಅದೇ ಕಠಿಣ, ಅದೇ ಎಚ್ಚರ. ಅದಕ್ಕೇ ರೋಗ್ ಕೋರ್‌ನಲ್ಲಿ ಅವರ ಹೆಸರು ನೋಡಿ ನಂಗೆ ಆಸೆ ಹುಟ್ಟಿತ್ತು, ಅದಕ್ಕೇ ಬೇಜಾರೂ ಜಾಸ್ತಿ ಆಯ್ತು.

2019ರಲ್ಲಿ ಇನ್ನೂ ಎರಡು ಘಟನೆ ಆಯ್ತು, ಎರಡೂ ರೋಗ್ ಕೋರ್ ಮುಂಚೆನೇ. ಜೂನಲ್ಲಿ ಆ ಗೇಮ್ ಘೋಷಣೆ ಮಾಡುವಾಗಲೇ ಕೊನಾಮಿ ಹಳೇ ಕಾಂಟ್ರಾಗಳನ್ನ ಒಟ್ಟು ಮಾಡಿ ಆ್ಯನಿವರ್ಸರಿ ಕಲೆಕ್ಷನ್ ಬಿಡ್ತು, ಅಂದ್ರೆ ಒಳ್ಳೇದು ಹೇಗಿರುತ್ತೆ ಅಂತ ಅಂಗಡಿಯಲ್ಲಿ ಪಕ್ಕದಲ್ಲೇ ಇತ್ತು. ಜುಲೈಯಲ್ಲಿ ಬ್ರೆಜಿಲ್‌ನ ಜಾಯ್‌ಮ್ಯಾಷರ್ ಅನ್ನೋ ತೀರಾ ಸಣ್ಣ ತಂಡ ಬ್ಲೇಜಿಂಗ್ ಕ್ರೋಮ್ ಬಿಡ್ತು, ಹೆಸರಲ್ಲಿ ಕಾಂಟ್ರಾ ಇಲ್ಲ, ಆದ್ರೆ ಒಂದೇ ಏಟಿಗೆ ಸಾವು, ಸತ್ರೆ ಕೈಯಲ್ಲಿರೋ ಗನ್ ಹೋಗುತ್ತೆ, ಇಬ್ರು ಒಟ್ಟಿಗೆ ಆಡಬಹುದು. ಮತ್ತೆ ಅವರು ಗಂಟೆಗಳ ಚಿಂತೆ ಮಾಡ್ಲಿಲ್ಲ, ಚಿಕ್ಕ ಗೇಮ್ ಮಾಡಿ ಕಮ್ಮಿ ದುಡ್ಡಿಗೆ ಮಾರಿದ್ರು. ಸಮಸ್ಯೆಗೆ ದಾರಿ ಇತ್ತು, ಅಷ್ಟೇ ಸರಳವಾಗಿ.

ಈಗ ನೀವು ಏನು ಆಡಬೇಕು ಅನ್ನೋದಕ್ಕೆ. ನಿಮ್ಮ ಹತ್ರ ಪಿಎಸ್ 4 ಇರೋದ್ರಿಂದ ಮೊದಲು ಆ ಆ್ಯನಿವರ್ಸರಿ ಕಲೆಕ್ಷನ್ ತಗೊಳ್ಳಿ, ಡೌನ್‌ಲೋಡ್ ಮಾಡ್ಕೋಬೇಕು, ಸೇಲ್ ಇದ್ದಾಗ ತಗೊಂಡ್ರೆ ಅಗ್ಗ. ಅದ್ರಲ್ಲಿ ಆರ್ಕೇಡ್ ಕಾಂಟ್ರಾ, ಅಂದ್ರೆ ಕಾಸು ಹಾಕಿ ಆಡೋ ದೊಡ್ಡ ಮೆಷಿನ್‌ನದ್ದು, ಇದೆ, ಅದನ್ನ ಆಡೋಕೆ ಹೋಗಬೇಡಿ, ನಿಮ್ಮ ನೆನಪಿನದ್ದು ಅದಲ್ಲ. ಮನೆ ಮೆಷಿನ್‌ಗೆ 1988ರಲ್ಲಿ ಬಂದಿದ್ದು ನಿಮ್ಮದು, ಅದ್ರಲ್ಲೂ ಜಪಾನಿನ ಫ್ಯಾಮಿಕಾಮ್ (ನಿಂಟೆಂಡೋದ ಮನೆ ಮೆಷಿನ್) ವರ್ಷನ್ ಆರಿಸ್ಕೊಳ್ಳಿ, ಆಟ ಅದೇ, ಆದ್ರೆ ಕಾಡಲ್ಲಿ ಮರದ ಎಲೆ ಅಲ್ಲಾಡುತ್ತೆ, ಹಿಮದ ಸ್ಟೇಜಲ್ಲಿ ಹಿಮ ಬೀಸುತ್ತೆ, ಸ್ಟೇಜ್ ಮಧ್ಯೆ ಮ್ಯಾಪ್ ಬರುತ್ತೆ. ಅಮೆರಿಕಾ ವರ್ಷನ್‌ನಲ್ಲಿ ಇದೆಲ್ಲಾ ಕತ್ತರಿಸಿದ್ರು. ಬರಹ ಜಪಾನೀಸಲ್ಲಿದೆ, ಓದೋದು ಏನೂ ಇಲ್ಲ ಬಿಡಿ. ಅದು ಮುಗಿದ್ರೆ ಅದೇ ಕಲೆಕ್ಷನ್‌ನಲ್ಲಿ ಕಾಂಟ್ರಾ 3. ಹಾರ್ಡ್ ಕೋರ್‌ಗೆ ಕೈ ಹಾಕೋದಾದ್ರೆ ಜಪಾನ್ ವರ್ಷನ್, ಮೂರು ಏಟಿನದ್ದು.

ಹೊಸದೇ ಬೇಕು ಅಂತ ತಮ್ಮ ಹಟ ಮಾಡಿದ್ರೆ 2024ರ ಮಾರ್ಚಲ್ಲಿ ಬಂದ ಆಪರೇಷನ್ ಗಲೂಗಾ ಇದೆ, ಪಿಎಸ್ 4ನಲ್ಲೂ ಸಿಗುತ್ತೆ. ಮಾಡಿದ್ದು ಅಮೆರಿಕಾದ ವೇಫಾರ್ವರ್ಡ್, 2007ರಲ್ಲಿ ಕಾಂಟ್ರಾ 4 ಮಾಡಿದ್ರಲ್ಲ ಅವರೇ. ಮೊದಲ ಕಾಂಟ್ರಾವನ್ನೇ ಹೊಸದಾಗಿ ಕಟ್ಟಿದಾರೆ, ಪಕ್ಕದಿಂದ ಕಾಣುತ್ತೆ, ಕಥೆ ಮೋಡನ್ನ ಇಬ್ರೂ ಒಂದೇ ಸೋಫಾ ಮೇಲೆ ಕೂತು ಆಡಬಹುದು. ಅದು ಅದ್ಭುತ ಅಂತ ಹೇಳಲ್ಲ, ಮಧ್ಯೆ ಮಧ್ಯೆ ಮಾತುಕತೆ ಜಾಸ್ತಿ. ಆದ್ರೆ ಸತ್ರೆ ಕೈಯಲ್ಲಿರೋ ಗನ್ ಹೋಗುತ್ತೆ, ಅಷ್ಟು ಸಾಕು ನಂಗೆ ನಂಬಿಕೆ ಬರೋಕೆ. ಶುರುವಲ್ಲಿ ಒಂದು ಏಟಿನ ಆಯ್ಕೆ, ಹಲವು ಏಟಿನ ಆಯ್ಕೆ ಎರಡೂ ಇದೆ. ಮೊದಲ ದಿನ ಹಲವು ಏಟಿನದ್ದು ಇಟ್ಕೊಂಡು ಕೈ ಕುದುರಿಸ್ಕೊಳ್ಳಿ, ಎರಡನೇ ದಿನ ಒಂದಕ್ಕೆ ಬದಲಾಯಿಸಿ, ಇಬ್ಬರ ದನಿನೂ ಹೇಗೆ ಏರುತ್ತೆ ನೋಡಿ.

ರೋಗ್ ಕೋರ್ ಡಿಸ್ಕ್ ವಾಪಸ್ ತಗೊಳ್ತಾರಾ ಅಂತ ತಂದ ಅಂಗಡಿಯಲ್ಲೇ ಕೇಳಿ. ತಮ್ಮ ವಾಪಸ್ ಹೋಗೋಕೆ ಎಷ್ಟು ದಿನ ಇದೆ ಅಂತ ನೀವು ಬರೆದಿಲ್ಲ, ಎರಡೇ ದಿನ ಉಳಿದಿದ್ರೆ ಬೇರೆ ಯಾವುದೂ ಬೇಡ, ಫ್ಯಾಮಿಕಾಮ್ ಕಾಂಟ್ರಾ ಹಾಕಿ, ಕೋಡ್ ಒತ್ತಿ, ಜಲಪಾತದಲ್ಲಿ ಅವನನ್ನ ಮುಂದೆ ಬಿಡಿ.